ಉತ್ತರಮೇರೂರಿನ ಏರಿವಾರಿಯ

ಕೆರೆ, ತೋಪು, ಬಾವಿಗಳ ಸಂರಕ್ಷಣೆಗಾಗಿ ಪೌರಸಭೆಗಳು ದ್ರವ್ಯಸಹಾಯ ಮಾಡುವುದೂ, ಆ ದ್ರವ್ಯದ ವಿನಿಯೋಗವನ್ನು ಸಂಬಳವಿಲ್ಲದ ಪೌರರ ಸಮಿತಿಗಳು ನೋಡಿಕೊಳ್ಳುವುದೂ ಪಶ್ಚಿಮದಿಂದ ಬಂದ ನೂತನ ಪದ್ಧತಿಯೆಂದು ಭಾವಿಸುವವರುಂಟು. ಇದಕ್ಕೆ ಸಮಾಧಾನವು ತಮಿಳುನಾಡಿನ ಉತ್ತರಮೇರೂರಿನಲ್ಲಿ, ವೈಕುಂಠಪೆರುಮಾಳ್ ದೇವಾಲಯದ ಗೋಡೆಯ ಮೇಲೆ, ಸಾವಿರದ ನೂರು ವರ್ಷಗಳಿಂದ ಕೆತ್ತಿರುತ್ತದೆ.

ಕಾಂಚೀಪುರ ಜಿಲ್ಲೆಯ ಈ ಊರು ಪೂರ್ವದಲ್ಲಿ ಉತ್ತರಮೇರು ಚತುರ್ವೇದಿಮಂಗಲವೆಂಬ ಅಗ್ರಹಾರವಾಗಿದ್ದಿತು. ಅಲ್ಲಿಯ ಬೇಸಾಯವೆಲ್ಲವೂ ವೈರಮೇಘತಟಾಕವೆಂಬ ದೊಡ್ಡ ಕೆರೆಯನ್ನು ನಂಬಿದುದು. ಪಲ್ಲವ ದಂತಿವರ್ಮನ ಕಾಲದ ಶಾಸನವೊಂದು ಈ ಕೆರೆಯ ಹೂಳೆತ್ತಿಸುವ ಏರ್ಪಾಟನ್ನು ತಿಳಿಸುತ್ತದೆ. ಕೆರೆಯನ್ನು ಕಟ್ಟಿಸುವುದು ಒಂದು ಸಲದ ಕಾರ್ಯ. ಹೂಳೆತ್ತುವುದಾದರೋ ವರ್ಷವರ್ಷವೂ ಬರುವ ಕಾರ್ಯ. ಆದುದರಿಂದ ಅದಕ್ಕೆ ಶಾಶ್ವತವಾದ ಆದಾಯವು ಬೇಕಾಗುತ್ತಿದ್ದಿತು. ಕನ್ನಡ ಶಾಸನಗಳಲ್ಲಿ ಕೆರೆಗಾಗಿ ಬಿತ್ತುವಟ್ಟವನ್ನು ಬಿಟ್ಟಂತೆ, ತಮಿಳು ದೇಶದಲ್ಲಿ ‘ಏರಿಪಟ್ಟಿ’ಯೆಂಬ ಭೂಮಿಯನ್ನು ಬಿಡುತ್ತಿದ್ದರು; ಇಲ್ಲವೆ ಪೊನ್ನನ್ನು ಗ್ರಾಮಸಭೆಯ ವಶಕ್ಕೆ ಕೊಟ್ಟು, ಅದರ ಬಡ್ಡಿಯಿಂದ ಕೆಲಸ ನಡೆಯಬೇಕೆಂದು ವಿಧಿಸುತ್ತಿದ್ದರು. ತಟಾಕ, ಆರಾಮಗಳು ಪೂರ್ತಧರ್ಮವೆಂದು ಶಾಸ್ತ್ರವು ಹೇಳುವುದರಿಂದ ದಾನಿಗಳಿಗೆ ಕೊರತೆಯಿರಲಿಲ್ಲ. ಕಷ್ಟವಿದ್ದುದು ಬೇರೆಡೆಯಲ್ಲಿ. ದಾನಿಯು ಕಾಲವಶನಾದ ಮೇಲೆ ಆ ದ್ರವ್ಯವನ್ನು ಕಾಯುವವರಾರು? ಕಾಯುವವರನ್ನು ಕಾಯುವವರಾರು?

ಈ ಪ್ರಶ್ನೆಗೆ ಸಭೆಯವರು ಚೋಳ ಪರಾಂತಕನ ಕಾಲದಲ್ಲಿ ಎರಡು ಸಲ ಉತ್ತರ ಬರೆದಿರುವರು; ಮೊದಲು ಕ್ರಿ. ಶ. 919ರಲ್ಲಿ, ಮತ್ತೆ 921ರಲ್ಲಿ. ಎರಡೇ ವರ್ಷಗಳಲ್ಲಿ ನಿಬಂಧನೆಯನ್ನು ತಿದ್ದಬೇಕಾಗಿ ಬಂದುದನ್ನು ನೋಡಿದರೆ, ಮೊದಲಿನದು ನಡೆಯಲ್ಲಿ ಸಾಲದೆ ಹೋಯಿತೆಂದೇ ಊಹಿಸಬೇಕು. ಈ ಶಾಸನಗಳನ್ನು ವಿ. ವೆಂಕಯ್ಯನವರು ಪ್ರಾಚ್ಯವಸ್ತು ಇಲಾಖೆಯ 1904-05ರ ವಾರ್ಷಿಕ ವರದಿಯಲ್ಲಿ ವಿವರಿಸಿ ವಿದ್ವಲ್ಲೋಕಕ್ಕೆ ಪರಿಚಯಮಾಡಿಸಿದರು.

ಊರನ್ನು ಮೂವತ್ತು ಕುಡುಂಬುಗಳಾಗಿ, ಎಂದರೆ ಕೇರಿಗಳಾಗಿ, ವಿಭಾಗಿಸಿದ್ದರು. ಪ್ರತಿಯೊಂದು ಕೇರಿಯಲ್ಲಿಯೂ ಅರ್ಹರಾದವರ ಹೆಸರುಗಳನ್ನು ಓಲೆಯ ಚೂರುಗಳಲ್ಲಿ ಬರೆದು, ಕೇರಿಗೊಂದು ಕಟ್ಟಾಗಿ ಕಟ್ಟಿ ಕೊಡದಲ್ಲಿ ಹಾಕುವರು. ಇದಕ್ಕೇ ‘ಕುಡವೋಲೆ’ಯೆಂದು ಹೆಸರು; ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಬಾಲವೃದ್ಧರೂ ಸೇರಿದ ಮಹಾಸಭೆಯ ನಡುವೆ, ಪೂಜಾರಿಗಳಲ್ಲಿ ಹಿರಿಯನಾದವನು ಎದ್ದು ನಿಂತು ಎಲ್ಲರಿಗೂ ಕಾಣುವಂತೆ ಕೊಡವನ್ನೆತ್ತುವನು. ಒಳಗೇನಿದೆಯೆಂಬುದನ್ನರಿಯದ ಬಾಲಕನೊಬ್ಬನು ಒಂದು ಕಟ್ಟನ್ನು ತೆಗೆಯುವನು. ಅದನ್ನು ಬೇರೊಂದು ಬರಿದಾದ ಕೊಡದಲ್ಲಿ ಸುರಿದು ಕುಲುಕಿದ ತರುವಾಯ, ಅವನೇ ಅದರಿಂದ ಒಂದು ಓಲೆಯನ್ನೆತ್ತುವನು. ಮಧ್ಯಸ್ಥನು ಐದು ಬೆರಳುಗಳನ್ನೂ ಬಿಡಿಸಿ ಅಂಗೈಯಲ್ಲಿ ಅದನ್ನು ಸ್ವೀಕರಿಸಬೇಕು. ಕೈಯೊಳಗೆ ಮತ್ತೊಂದು ಓಲೆಯನ್ನು ಮರೆಮಾಡಲು ಎಡೆಯಿರಬಾರದೆಂಬುದು ಇದರ ಆಶಯವೆಂದು ತೋರುತ್ತದೆ. ಅವನು ಓದಿದುದನ್ನು ಪೂಜಾರಿಗಳೆಲ್ಲರೂ ಮತ್ತೆ ಓದಬೇಕು.

ಹೀಗೆ ಬಂದ ಮೂವತ್ತು ಮಂದಿಯಲ್ಲಿ ಹನ್ನೆರಡು ಮಂದಿ ಸಂವತ್ಸರವಾರಿಯಕ್ಕೆ, ಹನ್ನೆರಡು ಮಂದಿ ತೋಟವಾರಿಯಕ್ಕೆ, ಆರು ಮಂದಿ ಏರಿವಾರಿಯಕ್ಕೆ. ನಮ್ಮಲ್ಲಿ ‘ಏರಿ’ಯೆಂದರೆ ಕೆರೆಯ ಕಟ್ಟೆ ಮಾತ್ರ, ತಮಿಳರಲ್ಲಿ ಕೆರೆಯೇ ಏರಿ. ತೋಟವನ್ನೂ ಕೆರೆಯನ್ನೂ ಮೊದಲು ನೋಡಿಕೊಂಡು ಅನುಭವ ಪಡೆದವರನ್ನೇ ಹಿರಿಯ ಸಮಿತಿಯಾದ ಸಂವತ್ಸರವಾರಿಯಕ್ಕೆ ತೆಗೆದುಕೊಳ್ಳುತ್ತಿದ್ದರು. ಸೇವೆಯ ಅವಧಿ 360 ದಿನಗಳು. ಅಷ್ಟರಲ್ಲಿ ಅಪರಾಧ ಕಂಡುಬಂದರೆ ಕೂಡಲೆ ತೆಗೆದುಹಾಕುವರು. ಒಮ್ಮೆ ಸೇವೆ ಮಾಡಿದವನ ಹೆಸರು ಮೂರು ವರ್ಷಗಳವರೆಗೆ ಕೊಡಕ್ಕೆ ಬೀಳದು. ಈ ಸದಸ್ಯರಿಗೆ ವೇತನವುಂಟೆಂಬ ಮಾತು ಈ ನಿಬಂಧನೆಗಳಲ್ಲಿ ಇಲ್ಲ.

ಅರ್ಹತೆಯ ವಿಷಯದಲ್ಲಿ ಮಾತ್ರ ಈ ಸಭೆಯನ್ನು ಸಂಪೂರ್ಣವಾಗಿ ಪ್ರಶಂಸಿಸಲಾಗದು. ಕಾಲು ವೇಲಿಗಿಂತ ಹೆಚ್ಚಾಗಿ ಕಂದಾಯದ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ಮಂತ್ರಬ್ರಾಹ್ಮಣದ ಜ್ಞಾನ, ಮೂವತ್ತೈದಕ್ಕೆ ಮೇಲೆ ಎಪ್ಪತ್ತಕ್ಕೆ ಕೆಳಗಿನ ವಯಸ್ಸು, ಇವು ಬೇಕು. ಒಂದು ವೇದವನ್ನೂ ಒಂದು ಭಾಷ್ಯವನ್ನೂ ಬಲ್ಲವನಿಗೆ ಅರೆಕಾಲು ವೇಲಿಯಾದರೂ ಸಾಕು. ವಿದ್ಯೆಗೆ ತೋರಿದ ಈ ರಿಯಾಯಿತಿ ಸಂತೋಷಕರವೇ ಸರಿ. ಆದರೆ ಬುಟ್ಟಿ ಹೊತ್ತು ಹೂಳೆತ್ತಿದವನಿಗೂ, ಗದ್ದೆಯಲ್ಲಿ ನಾಟಿ ಮಾಡಿದವಳಿಗೂ ಆ ಕೊಡದಲ್ಲಿ ಓಲೆಯಿರಲಿಲ್ಲ; ಕೆರೆಯೊಡೆದರೆ ಮೊದಲು ಹಸಿಯುವವರು ಅವರೇ ಆಗಿದ್ದರು. ಇದನ್ನು ಗ್ರಾಮಸ್ವರಾಜ್ಯದ ಪರಮಾವಧಿಯೆಂದು ಕೊಂಡಾಡುವವರು ಈ ಅಂಶವನ್ನು ದಾಟಿಹೋಗುವುದು ನ್ಯಾಯವಲ್ಲ.

ನಿಬಂಧನೆಯ ನಿಜವಾದ ಸತ್ತ್ವವಿರುವುದು ಲೆಕ್ಕದ ಪ್ರಕರಣದಲ್ಲಿ. ಹಿಂದೆ ವಾರಿಯದಲ್ಲಿದ್ದು ಲೆಕ್ಕವನ್ನೊಪ್ಪಿಸದವನ ಹೆಸರನ್ನು ಬರೆಯಕೂಡದು. ಅವನದು ಮಾತ್ರವೇ ಅಲ್ಲ. ಅವನ ತಂದೆ, ಮಗ, ಒಡಹುಟ್ಟಿದವನು, ಹೆಣ್ಣು ಕೊಟ್ಟ ಮಾವ, ಅಳಿಯ, ಹೆಂಡತಿಯ ಸಹೋದರ, ಸೋದರಿಯ ಗಂಡ, ಸೋದರಳಿಯ, ಸೋದರಮಾವ, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು, ಇವರ ಹೆಸರುಗಳನ್ನೂ ಬರೆಯಕೂಡದು. ಒಬ್ಬನ ತಪ್ಪಿಗೆ ನಂಟರಿಷ್ಟರನ್ನೆಲ್ಲ ಹೊರಗಿಡುವುದು ಕಠಿನವೆನ್ನಿಸಬಹುದು. ಆದರೆ ಅಗ್ರಹಾರದಲ್ಲಿ ಬಾಳಿದವರಿಗೆ ಅದರ ಮರ್ಮ ತಿಳಿಯುತ್ತದೆ. ಸಭೆಯಲ್ಲಿ ಲೆಕ್ಕ ಕೇಳಿದರೆ ಉತ್ತರ ಕೊಡದವನೂ, ತನ್ನ ದೆಸೆಯಿಂದ ಅಳಿಯನ ಮಾನ ಹೋಯಿತೆಂದು ಮನೆಯಲ್ಲಿ ಮಗಳು ಅತ್ತರೆ ಕಡತವನ್ನು ಬಿಚ್ಚುವನು.

ಲೆಕ್ಕಿಗನಿಗೂ ಇದೇ ಬಿಗಿ. ನ್ಯಾಯದಿಂದ ಸಂಪಾದಿಸಿದವನೇ ಊರಿನ ಲೆಕ್ಕವನ್ನು ಬರೆಯಬೇಕು. ತನ್ನ ಅವಧಿಯ ಲೆಕ್ಕವನ್ನು ಹಿರಿಯರ ಮುಂದಿಟ್ಟು ಶುದ್ಧನೆನ್ನಿಸಿಕೊಳ್ಳುವವರೆಗೆ ಅವನಿಗೆ ಮತ್ತೆ ಆ ಕೆಲಸವಿಲ್ಲ. ಬರೆದವನೇ ಬಂದು ಒಪ್ಪಿಸಬೇಕು; ಅವನ ಲೆಕ್ಕವನ್ನು ಮುಗಿಸಲು ಬೇರೊಬ್ಬ ಲೆಕ್ಕಿಗನನ್ನು ನಿಯಮಿಸಕೂಡದೆಂದು 921ರ ಶಾಸನವು ವಿಧಿಸಿರುವುದು.