ದ್ವೈತ: ಎರಡೆಂಬ ಮಾತಿನ ಅರ್ಥ

ಮೂಲತತ್ತ್ವಗಳು ಎರಡು ಎನ್ನುವ ನಿಲುವೇ ದ್ವೈತ. ಆ ಎರಡು ಯಾವುವು ಎಂಬಲ್ಲಿ ಮತಗಳು ಬೇರೆಯಾಗುತ್ತವೆ. ಜರತುಷ್ಟ್ರನ ಪರಂಪರೆಯಲ್ಲಿ ಅವು ಒಳಿತು, ಕೆಡುಕು. ಸಾಂಖ್ಯರಿಗೆ ಪುರುಷ, ಪ್ರಕೃತಿ. 1641ರಲ್ಲಿ ಪ್ರಕಟವಾದ ದಾರ್ಶನಿಕ ಡೆಕಾರ್ಟನ ಗ್ರಂಥದಲ್ಲಿ ಮನಸ್ಸು, ದೇಹ.

ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಕಟ್ಟಿದ, ದ್ವೈತವೆಂದೇ ಹೆಸರಾದ ದರ್ಶನದ ದಾರಿಯೇ ಬೇರೆ. ಅಲ್ಲಿ ಸರಿಸಮನಾದ ಎರಡು ಶಕ್ತಿಗಳಿಲ್ಲ. ಸ್ವತಂತ್ರನು ವಿಷ್ಣು ಒಬ್ಬನೇ, ಉಳಿದುದೆಲ್ಲ ಅವನ ಅಧೀನ. ಹಾಗೆಂದು ಜಗತ್ತು ಮಿಥ್ಯೆಯಲ್ಲ. ಈಶ್ವರನಾದ ವಿಷ್ಣುವಿಗೂ ಜೀವಕ್ಕೂ, ಈಶ್ವರನಿಗೂ ಜಡಕ್ಕೂ, ಜೀವಕ್ಕೂ ಜಡಕ್ಕೂ, ಜೀವಜೀವಗಳ ನಡುವೆ, ಜಡಜಡಗಳ ನಡುವೆ ಇರುವ ಐದು ಭೇದಗಳು ನಿತ್ಯ, ಸತ್ಯ. ಒಂದೇ ಮರದ ಎರಡು ಎಲೆಗಳೂ ಬೇರೆ ಬೇರೆಯೇ. ಆದ್ದರಿಂದ ಅನುಯಾಯಿಗಳು ಬಳಸುವ ‘ತತ್ತ್ವವಾದ’ ಎಂಬ ಹೆಸರೇ ಹೆಚ್ಚು ಸರಿ. ಎರಡರ ಲೆಕ್ಕಕ್ಕೆ ಈ ದರ್ಶನ ದಕ್ಕುವುದಿಲ್ಲ.

ಜೀವನು ದೇವರ ಸೇವಕ ಎಂಬ ಭಾವ ಉಡುಪಿಯಲ್ಲಿ ನಿತ್ಯದ ಕಟ್ಟಳೆಯಾಗಿದೆ. ಅಲ್ಲಿನ ಕೃಷ್ಣಮಠದ ಪೂಜೆಯ ಅಧಿಕಾರ ಮಧ್ವ ಪರಂಪರೆಯ ಅಷ್ಟಮಠಗಳಲ್ಲಿ ಸರದಿಯಂತೆ ಸುತ್ತುತ್ತದೆ. ಎರಡೆರಡು ತಿಂಗಳಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು 16ನೆಯ ಶತಮಾನದ ಯತಿ ವಾದಿರಾಜರು. ಸರದಿ ಕೈಬದಲಾಗುವ ‘ಪರ್ಯಾಯ’ದಂದು ಇಳಿಯುವ ಯತಿಗಳು ಪೀಠವೇರುವವರ ಕೈಗೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಒಪ್ಪಿಸುತ್ತಾರೆ. ಅಂದಿನಿಂದ ಪೂಜೆಯ ಜೊತೆಗೆ ಬಂದವರಿಗೆಲ್ಲ ಅನ್ನವಿಕ್ಕುವ ಹೊಣೆಯೂ ಅವರದು.