ಡಾರ್ಕ್‌ರೂಮ್ ಪ್ರಿಂಟ್, ಡಿಜಿಟಲ್ ಪ್ರತಿ: ತಿದ್ದುಪಡಿಯ ಕಾಲನಿರ್ಣಯ ಕುರಿತು ಟಿಪ್ಪಣಿ

1. ವ್ಯಾಪ್ತಿ
ಬನಶಂಕರಿ ಭಾಗದ ಕತ್ರಿಗುಪ್ಪೆಯಂಥ ಬಡಾವಣೆಯ ಮನೆಗಳಲ್ಲಿ ಸ್ಟುಡಿಯೊದ ಕಪ್ಪು-ಬಿಳುಪು ಪ್ರಿಂಟ್, ಅದರ ಸ್ಕ್ಯಾನ್ ಪ್ರತಿ, ಮೊಬೈಲ್ ಚಿತ್ರ ಮೂರೂ ಒಟ್ಟಿಗೇ ಸಿಗುವುದುಂಟು. ಚಿತ್ರವನ್ನು ತಿದ್ದಿದ್ದರೆ ಅದು ನೆಗೆಟಿವ್ ಮೇಲೋ, ಪ್ರಿಂಟ್ ಮಾಡುವಾಗಲೋ, ಕಂಪ್ಯೂಟರಿನಲ್ಲೋ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

2. ಗುರುತುಗಳು
ಎನ್‌ಲಾರ್ಜರ್ ಕೆಳಗೆ ಕಾಗದದ ಒಂದು ಭಾಗಕ್ಕೆ ಬೆಳಕು ತಡೆಯುವುದು ಡಾಡ್ಜಿಂಗ್, ಹೆಚ್ಚು ಕೊಡುವುದು ಬರ್ನಿಂಗ್. 1990ರಲ್ಲಿ ಬಂದ ಫೋಟೊಶಾಪ್ ತನ್ನ ಉಪಕರಣಗಳಿಗೆ ಇವೇ ಹೆಸರುಗಳನ್ನು ಇಟ್ಟುಕೊಂಡಿದೆ. ವ್ಯತ್ಯಾಸ ಪುನರಾವರ್ತನೆಯಲ್ಲಿದೆ: ಕೈಕೆಲಸವನ್ನು ಪ್ರತಿ ಪ್ರಿಂಟಿಗೂ ಹೊಸದಾಗಿ ಮಾಡಬೇಕು, ಫೈಲಿನ ನಕಲುಗಳಾದರೋ ತದ್ರೂಪು. ಒಂದೇ ನೆಗೆಟಿವ್‌ನ ಎರಡು ಪ್ರಿಂಟ್‌ಗಳಲ್ಲಿ ಮುಖದ ಸುತ್ತಲಿನ ಛಾಯೆ ಬೇರೆಯಾಗಿದ್ದರೆ ಡಾಡ್ಜಿಂಗ್ ಸಂಭವನೀಯ. ಕಾಗದದ ಗ್ರೇಡ್ ಬದಲಾಗಿದ್ದರೂ ಛಾಯೆ ಬದಲಾಗುತ್ತದೆ, ಆದ್ದರಿಂದ ಇದು ನಿರ್ಣಾಯಕವಲ್ಲ.

ಅಂಚುಗಳ ಪಕ್ಕದ ತೆಳು ಬಿಳಿ ಗೆರೆಯನ್ನು ಡಿಜಿಟಲ್ ಶಾರ್ಪನಿಂಗಿನ ಸಾಕ್ಷ್ಯವೆಂದು ಒಪ್ಪುವುದು ಆತುರವೇ ಸರಿ. ನೆಗೆಟಿವ್ ಮೇಲೆ ಅದರದೇ ಮಸುಕಾದ ಪಾಸಿಟಿವ್ ಇಟ್ಟು ಪ್ರಿಂಟ್ ತೆಗೆಯುವ ಅನ್‌ಶಾರ್ಪ್ ಮಾಸ್ಕಿಂಗ್ ಕಂಪ್ಯೂಟರಿಗಿಂತ ಹಳೆಯದು.

ಹೆಚ್ಚು ನಂಬಲರ್ಹವಾದದ್ದು ಸ್ಪಾಟಿಂಗ್. ನೆಗೆಟಿವ್ ಮೇಲಿನ ಧೂಳು ಪ್ರಿಂಟಿನಲ್ಲಿ ಬಿಳಿ ಚುಕ್ಕೆಯಾಗಿ ಮೂಡುತ್ತಿತ್ತು. ಅದನ್ನು ಸಣ್ಣ ಬ್ರಷ್ಷಿನಿಂದ ಬಣ್ಣ ತುಂಬಿ ಮುಚ್ಚುತ್ತಿದ್ದರು. ಹೊಳಪು ಕಾಗದವನ್ನು ಓರೆಬೆಳಕಿಗೆ ಹಿಡಿದರೆ ಆ ಜಾಗಗಳು ಎಷ್ಟೋ ಸಲ ಹೊಳಪಿಲ್ಲದ ಚುಕ್ಕೆಗಳಾಗಿ ಕಾಣುತ್ತವೆ. ಮುಖದ ಕಲೆ ಮರೆಸಲು ನೆಗೆಟಿವ್ ಮೇಲೆ ಎಳೆದ ಪೆನ್ಸಿಲ್ ಗೀರುಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ, ಆದರೆ ಆಗ ಓರೆಬೆಳಕಿಗೆ ಹಿಡಿಯಬೇಕಾದದ್ದು ನೆಗೆಟಿವನ್ನೇ. ಸ್ಕ್ಯಾನ್ ಪ್ರತಿಯಲ್ಲಿ ಈ ಮೇಲ್ಮೈ ಸಾಕ್ಷ್ಯ ಬಹುಮಟ್ಟಿಗೆ ಅಳಿದುಹೋಗುತ್ತದೆ.

3. ದಿನಾಂಕಗಳು
ನೆಗೆಟಿವ್ ಅಂಚಿನಲ್ಲಿ 'ಇಂದು' ಫಿಲ್ಮಿನ ಗುರುತಿದ್ದರೆ ಅದು 1960ಕ್ಕಿಂತ ಹಿಂದಿನದಾಗಿರಲಾರದು. ಅದನ್ನು ತಯಾರಿಸಿದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪನೆಯಾದದ್ದೇ ಆ ವರ್ಷ. ಇದು ಹಿಂದಿನ ಮಿತಿ ಮಾತ್ರ. ಪ್ರಿಂಟ್ ದಶಕಗಳ ನಂತರದ್ದೂ ಇರಬಹುದು. ಡಿಜಿಟಲ್ ಫೈಲಿನ ಎಕ್ಸಿಫ್ ಮಾಹಿತಿಯಲ್ಲಿ ಚಿತ್ರ ತೆಗೆದ, ಡಿಜಿಟಲೀಕರಿಸಿದ, ಬದಲಿಸಿದ ದಿನಗಳಿಗೆ ಪ್ರತ್ಯೇಕ ಸ್ಥಾನಗಳಿವೆ. ಆದರೆ ಸ್ಕ್ಯಾನ್ ಮಾಡಿದ ದಿನವೇ ಮೊದಲ ಸ್ಥಾನಕ್ಕೂ ಸೇರಿದರೆ 1974ರ ಮದುವೆ ಚಿತ್ರ 2016ರದಾಗಿ ಪಟ್ಟಿಯಾಗುತ್ತದೆ. ಫೈಲಿನ ದಿನಾಂಕಕ್ಕಿಂತ ಪ್ರಿಂಟಿನ ಹಿಂಬದಿಯ ಸ್ಟುಡಿಯೊ ಮುದ್ರೆಗೆ ಹೆಚ್ಚು ತೂಕ ಕೊಡುವುದು ಲೇಸು.

4. ಒಪ್ಪಿತ ಮಿತಿ
ಎಫ್‌ಐಎಪಿ, ಪಿಎಸ್‌ಎ, ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಒಪ್ಪಿದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆ ಡಾಡ್ಜಿಂಗ್, ಬರ್ನಿಂಗ್, ಧೂಳಿನ ಚುಕ್ಕೆ ತೆಗೆಯುವುದನ್ನು ಅನುಮತಿಸುತ್ತದೆ. ಕ್ರಾಪ್ ಮಾಡುವುದನ್ನುಳಿದು ಚಿತ್ರದ ಅಂಶ ಸೇರಿಸುವುದನ್ನಾಗಲಿ ತೆಗೆಯುವುದನ್ನಾಗಲಿ ಒಪ್ಪುವುದಿಲ್ಲ. ಮನೆ ಆಲ್ಬಮ್‌ಗಳಿಗೆ ಇಂಥ ನಿಯಮವಿಲ್ಲ. ಹಳೆಯ ಪ್ರಿಂಟ್ ಸ್ಕ್ಯಾನ್ ಮಾಡಿಸುವವರು ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ, ತಿದ್ದದ ಫೈಲನ್ನು ಬೇರೆಯಾಗಿ ಉಳಿಸಿ, ನೆಗೆಟಿವನ್ನು ಎಸೆಯದೆ ಇಟ್ಟುಕೊಳ್ಳಬೇಕೆಂದು ಕೋರಿಕೆ.