ಉಪ್ಪು, ವಿನೆಗರ್ ಸಿಂಪಡಿಸಿದರೆ ಗರಿಕೆ ಬೇರುಸಹಿತ ಸಾಯುತ್ತದೆಯೇ?

ಹೇಳಿಕೆ: ಒಂದು ಬಕೆಟ್ ನೀರಿಗೆ ಉಪ್ಪು, ವಿನೆಗರ್, ಪಾತ್ರೆ ತೊಳೆಯುವ ಸೋಪು ಬೆರೆಸಿ ಸಿಂಪಡಿಸಿದರೆ ಗರಿಕೆ ಮತ್ತೆಂದೂ ಹುಟ್ಟುವುದಿಲ್ಲ.

ವಾಸ್ತವ: ಎಲೆ ಒಣಗುತ್ತದೆ, ಬೇರು ಉಳಿಯುತ್ತದೆ, ಮಣ್ಣು ಕೆಡುತ್ತದೆ.

ಮನೆಯಂಗಳಕ್ಕೆ ಹೇಳಿದ ಇಂಥ ಉಪಾಯ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತ ಹೊಲವನ್ನೂ ತಲುಪುತ್ತದೆ. ರಾಯಚೂರು, ಮಟಮಾರಿ, ಮಾನ್ವಿ, ದೇವದುರ್ಗದ ಕಡೆಯ ಎರೆ ಭೂಮಿಗೆ ಇದು ಲಾಭಕ್ಕಿಂತ ನಷ್ಟವನ್ನೇ ತರುತ್ತದೆ. ಏಕೆಂದು ನೋಡೋಣ.

ಒಂದೇ ಹುಲ್ಲು, ಎರಡು ಬದುಕು

ಗಣಪತಿಗೆ ಏರಿಸುವ ಗರಿಕೆಯನ್ನು ಈ ಸೀಮೆಯಲ್ಲಿ ಕರಿಕೆ ಎಂದೂ ಕರೆಯುತ್ತಾರೆ. ಬಿಸಿ ಪ್ರದೇಶದ ಗಾಲ್ಫ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲೂ ಇದೇ. ಅಲ್ಲಿ ಚೆಂಡು ಬೀಳಿಸುವ ಗುಳಿಯ ಸುತ್ತಲಿನ ನುಣುಪು ಜಾಗಕ್ಕೆ ಟಿಫ್‌ಡ್ವಾರ್ಫ್‌ನಂಥ ಮಿಶ್ರತಳಿಗಳನ್ನು ಬಳಸುತ್ತಾರೆ. ಅವುಗಳಲ್ಲಿ ಮೊಳೆಯುವ ಬೀಜವಾಗುವುದಿಲ್ಲ. ಹಾಗಾಗಿ ಕಾಂಡವನ್ನು ತುಂಡು ಮಾಡಿ, ಹದವಾದ ಮಣ್ಣಿನಲ್ಲಿ ಹರಡಿ, ನೀರು ಕೊಟ್ಟು ಬೆಳೆಸುತ್ತಾರೆ. ಆ ನುಣುಪು ಹಾಸಿನೊಳಗೆ ನಾಟಿ ಗರಿಕೆ ನುಗ್ಗಿದರೆ ಅಲ್ಲಿಯೂ ಅದು ಕಳೆಯೇ.

ಹಬ್ಬುವುದು ಹೇಗೆ?

ತುಂಡುಗಳು: ನೆಲದ ಮೇಲೆ ಹರಿಯುವ ಬಳ್ಳಿ, ನೆಲದೊಳಗಿನ ಕಾಂಡ, ಎರಡರಲ್ಲೂ ಗೆಣ್ಣುಗಳಿವೆ. ಗೆಣ್ಣಿರುವ ತುಂಡು ಹೊಸ ಗಿಡವಾಗಬಲ್ಲದು. ಹಸಿ ನೆಲದಲ್ಲಿ ರೋಟವೇಟರ್ ಹೊಡೆದರೆ ಗಾಲ್ಫ್ ಮೈದಾನದವರು ಬೇಕೆಂದೇ ಮಾಡುವ ಕೆಲಸವನ್ನು ನಾವು ತಿಳಿಯದೆ ಮಾಡಿದಂತೆ.

ಯಂತ್ರ ಮತ್ತು ನೀರು: ಹುಲ್ಲು ಕತ್ತರಿಸುವ ಯಂತ್ರ ಮೈದಾನದಲ್ಲಿ, ಟ್ರ್ಯಾಕ್ಟರ್ ಮತ್ತು ಕುಂಟೆ ಹೊಲದಲ್ಲಿ ತುಂಡುಗಳನ್ನು ಸಾಗಿಸುತ್ತವೆ. ಕಾಲುವೆ ನೀರೂ ಒಡ್ಡಿನ ಹುಲ್ಲಿನ ತುಂಡು, ಬೀಜಗಳನ್ನು ಗದ್ದೆಗೆ ತರುತ್ತದೆ.

ಬೆಳಕು: ಗರಿಕೆಗೆ ಬಿಸಿಲು ಬೇಕು, ನೆರಳು ಆಗದು. ಬೆಳೆ ತೆಳುವಾದ ಜಾಗ, ಖಾಲಿ ಬಿಟ್ಟ ಮೂಲೆ, ಒಡ್ಡಿನ ಅಂಚು ಅದರ ಪಾಲು.

ತುಳಿತ: ಜನ, ವಾಹನ ಓಡಾಡಿ ನೆಲ ಗಟ್ಟಿಯಾದರೆ ಬೇರೆ ಗಿಡಗಳು ಸೊರಗುತ್ತವೆ, ಗರಿಕೆ ತಾಳಿಕೊಳ್ಳುತ್ತದೆ. ಮೈದಾನಗಳಲ್ಲಿ ಇಂಥ ಜಾಗಕ್ಕೆ ರಾಗಿಯ ಕಾಡು ಬಂಧುವಾದ ಇನ್ನೊಂದು ಹುಲ್ಲೂ ಬರುತ್ತದೆ.

ಉಪ್ಪು ಏಕೆ ಬೇಡ?

ವಿನೆಗರ್ ತಾಗಿದ ಎಲೆಯನ್ನಷ್ಟೇ ಸುಡುತ್ತದೆ. ಸೋಪು ದ್ರಾವಣ ಎಲೆಗೆ ಅಂಟಲು ನೆರವಾಗುತ್ತದೆ, ಅಷ್ಟೇ. ನೆಲದೊಳಗಿನ ಕಾಂಡ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ.

ಉಪ್ಪು ಮಾತ್ರ ಆವಿಯಾಗಿ ಹೋಗದು, ಮಣ್ಣಿನಲ್ಲೇ ಉಳಿಯುತ್ತದೆ. ಅದರ ಸೋಡಿಯಂ ಎರೆ ಮಣ್ಣಿನ ಕಣಗಳನ್ನು ಚದುರಿಸಿ ನೀರು ಇಂಗದಂತೆ ಮಾಡುತ್ತದೆ. ಲವಣ ಅಳೆಯುವ ಮಾನದಲ್ಲಿ ಭತ್ತದ ಇಳುವರಿ ಸುಮಾರು 3 ಡೆಸಿಸೀಮೆನ್ಸ್ ದಾಟಿದರೆ ಇಳಿಯತೊಡಗುತ್ತದೆ. ಗರಿಕೆ ಸುಮಾರು 6.9ರವರೆಗೆ ತಡೆಯುತ್ತದೆ. ಅಂದರೆ ಉಪ್ಪು ಹಾಕಿದ ಹೊಲದಲ್ಲಿ ಮೊದಲು ಸೋಲುವುದು ಬೆಳೆ, ಗೆಲ್ಲುವುದು ಕಳೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಎಷ್ಟೋ ಹೊಲಗಳು ಈಗಾಗಲೇ ಸವಳು, ಜವಳಿನಿಂದ ಬಳಲುತ್ತಿವೆ. ಅಲ್ಲಿಗೆ ಮತ್ತಷ್ಟು ಉಪ್ಪು ಸುರಿಯಬೇಕೇ?

ಹಾಗಾದರೆ ಏನು ಮಾಡಬೇಕು?

• ಬೇಸಿಗೆಯಲ್ಲಿ, ನೆಲ ಒಣಗಿದ್ದಾಗ ನೇಗಿಲಿನಿಂದ ಆಳವಾಗಿ ಉಳುಮೆ ಮಾಡಿ. ಮೇಲೆ ಬಂದ ಬೇರು, ಕಾಂಡಗಳು ಬಿಸಿಲಿಗೆ ಒಣಗಲಿ.
• ಅವನ್ನು ಆಯ್ದು ಹೊಲದಿಂದ ಹೊರಗೆ ಹಾಕಿ. ಕಾಲುವೆಗೆ ಎಸೆಯಬೇಡಿ.
• ಗರಿಕೆ ಇರುವ ಹೊಲದಲ್ಲಿ ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರ್, ಕುಂಟೆಗಳನ್ನು ತೊಳೆದು ಮುಂದಿನ ಹೊಲಕ್ಕೆ ಒಯ್ಯಿರಿ.
• ನೆಲಕ್ಕೆ ಬೇಗ ನೆರಳು ಕೊಡುವ ಬೆಳೆ ಹಾಕಿ, ಒಡ್ಡು ಸ್ವಚ್ಛವಾಗಿಡಿ.
• ಕಳೆನಾಶಕ ಬೇಕೇಬೇಕೆಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ, ಬೆಳೆಗೆ ತಕ್ಕ ಔಷಧವನ್ನು ಹೇಳಿದ ಪ್ರಮಾಣದಲ್ಲಷ್ಟೇ ಬಳಸಿ.

ಇವುಗಳಲ್ಲಿ ಯಾವುದೂ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಎರಡು ಮೂರು ಹಂಗಾಮು ಬಿಡದೆ ಮಾಡಿದರೆ ಗರಿಕೆ ಹತೋಟಿಗೆ ಬರುತ್ತದೆ. ಉಪ್ಪಿನ ಸಂದೇಶ ನಿಮಗೂ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಂದು ಮಾತು ನೆನಪಿರಲಿ: ಹುಲ್ಲು ಮತ್ತೆ ಚಿಗುರುತ್ತದೆ, ಕೆಟ್ಟ ಮಣ್ಣು ಅಷ್ಟು ಬೇಗ ಸುಧಾರಿಸದು.